ಕೈ ಎತ್ತಿ ನಿಂತ ಚಿಲಕ

ನಮ್ಮ ಭಾವನಿಗೆ ಊರಿನವರು ಇಟ್ಟ ಹೆಸರು ಚಿಲಕ. ಫುಟ್‌ಬಾಲ್ ಕ್ಲಬ್ಬಿನಲ್ಲಿ ಹದಿನಾಲ್ಕು ವರ್ಷ ಸಂಬಳಕ್ಕೆ ಆಡಿದ ಡಿಫೆಂಡರ್ ಅವರು. ಗೋಲಿನ ಮುಂದೆ ನಿಂತರೆಂದರೆ ಒಳಗೆ ನುಗ್ಗುವುದು ಯಾರಪ್ಪನಿಂದಲೂ ಆಗುತ್ತಿರಲಿಲ್ಲ. ಮೂಗು ಎರಡು ಸಲ ಮುರಿದಿದೆ. ಹದಿನಾಲ್ಕು ವರ್ಷದಲ್ಲಿ ಹೊಡೆದದ್ದು ಎರಡೇ ಗೋಲು, ಅದರಲ್ಲಿ ಒಂದು ನಮ್ಮದೇ ಗೋಲಿಗೆ. ಮನೆಯಲ್ಲೂ ಅದೇ ಚಾಳಿ, ಎಲ್ಲಿ ಬಾಗಿಲು ಕಂಡರೂ ಅದಕ್ಕೆ ಅಡ್ಡ ನಿಲ್ಲುತ್ತಾರೆ. "ಸ್ವಲ್ಪ ಸರೀರಿ, ನಾನೇನು ಗೋಲ್ ಹೊಡಿಯಲ್ಲ" ಎಂದು ಅಕ್ಕ ದಿನಕ್ಕೆ ಹತ್ತು ಸಲವಾದರೂ ಹೇಳುತ್ತಾಳೆ.

ಅದೇ ಕ್ಲಬ್ಬಿನಲ್ಲಿ ನಾನು ಜೆರ್ಸಿ ಒಗೆದು, ಬೂಟು ಒರೆಸಿ, ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವವನು. ಕೆಲಸ ಕೊಡಿಸಿದ್ದು ಭಾವನೇ. ಅದನ್ನು ಭಾವ ಯಾವತ್ತೂ ಆಡಿ ತೋರಿಸಿಲ್ಲ, ಅವರ ಪರವಾಗಿ ಅಕ್ಕ ಆಡಿ ತೋರಿಸುತ್ತಾಳೆ.

ಹದಿಮೂರು ವರ್ಷದ ಹಿಂದಿನ ಒಂದು ಆಟದ ಬಗ್ಗೆ ಹೇಳಬೇಕು. ವರ್ಷದ ಕೊನೆಯ ಪಂದ್ಯ ಅದು. ಸಮ ಮಾಡಿಕೊಂಡರೂ ಸಾಕಿತ್ತು, ಮೇಲಿನ ದರ್ಜೆಯಲ್ಲೇ ಉಳಿಯುತ್ತಿದ್ದೆವು. ಇನ್ನು ಎರಡು ನಿಮಿಷ ಇರುವಾಗ ಎದುರಾಳಿಗಳು ಚೆಂಡನ್ನು ಮುಂದಕ್ಕೆ ಕಳಿಸಲು ಹೊರಟರು. ಆಗ ಕ್ಯಾಪ್ಟನ್ ಆಗಿದ್ದ ಭಾವ "ಮೇಲೆ!" ಎಂದು ಕೂಗಿದರು. ಆ ಕೂಗಿಗೆ ಹಿಂದಿನ ನಾಲ್ಕೂ ಜನ ಒಟ್ಟಿಗೆ ಒಂದು ಹೆಜ್ಜೆ ಮುಂದೆ ಬರಬೇಕು. ಬಂದರೆ ಎದುರಾಳಿ ಒಬ್ಬನೇ ಅವರ ಬೆನ್ನ ಹಿಂದೆ ಉಳಿಯುತ್ತಾನೆ, ಅಂಚಿನ ರೆಫರಿ ಬಾವುಟ ಎತ್ತುತ್ತಾನೆ, ಆಫ್‌ಸೈಡ್. ನಾಲ್ವರಲ್ಲಿ ಒಬ್ಬ ಹಿಂದೆ ಬಿದ್ದರೂ ಬಾವುಟ ಏಳುವುದಿಲ್ಲ. ಭಾವ ಬಲಗೈ ಎತ್ತಿ ರೆಫರಿಯತ್ತ ನೋಡುತ್ತಾ ನಿಂತರು. ಬಾವುಟ ಏಳಲಿಲ್ಲ. ಎದುರಾಳಿ ಆರಾಮವಾಗಿ ಹೋಗಿ ಗೋಲು ಹೊಡೆದ. ನಾವು ಕೆಳಗಿನ ದರ್ಜೆಗೆ ಬಿದ್ದೆವು.

ಆಮೇಲೆ ಕೋಣೆಯಲ್ಲಿ ಎಲ್ಲರೂ ತಲೆ ತಗ್ಗಿಸಿ ಕೂತಿದ್ದಾಗ ಭಾವ ಎಡಬದಿಯ ಆಟಗಾರನ ಮುಂದೆ ಬಂದು ಬೆರಳು ತೋರಿಸಿದರು. "ಹಿಂದೆ ಉಳಿದವನು ನೀನೇ. ನಿನ್ನಿಂದ ಎಲ್ಲಾ ಹಾಳಾಯ್ತು." ಗೋಡೆಯಾಚೆ ನಿಂತಿದ್ದ ಜನಕ್ಕೂ ಅದು ಕೇಳಿಸಿತು.

ಆ ಆಟಗಾರನಿಗೆ ಆಗ ಇಪ್ಪತ್ತು, ಅದು ಅವನ ಮೊದಲ ವರ್ಷ. ಓಟದ ವೇಗ ನೋಡಿ ನಾವೇ ಅವನಿಗೆ ಜಿಂಕೆ ಎಂದು ಹೆಸರಿಟ್ಟಿದ್ದೆವು. ಜಿಂಕೆ ಎನಿಸಿಕೊಂಡವನೇ ಹಿಂದೆ ಉಳಿದ ಎಂದಾಗ ನಮ್ಮಲ್ಲಿ ಒಬ್ಬನಿಗೂ ಅನುಮಾನ ಬರಲಿಲ್ಲ. ಅವನು ಬೂಟಿನ ದಾರ ಬಿಚ್ಚುತ್ತಾ ಕೂತಿದ್ದ, ತುಟಿ ಬಿಚ್ಚಲಿಲ್ಲ. ಕ್ಲಬ್ಬು ಅವನನ್ನು ಕೈಬಿಟ್ಟಿತು. ಬೇರೆ ಕ್ಲಬ್ಬುಗಳಿಗೆ ಅವನಿಗಿಂತ ಮೊದಲೇ ಅವನ ಸುದ್ದಿ ತಲುಪಿತ್ತು. ಕೊನೆಗೆ ಅಪ್ಪನ ಮೋಟಾರು ರಿಪೇರಿ ಅಂಗಡಿಯಲ್ಲಿ ಕೂತ. ಆ ಅಪ್ಪ ಟೋಪಿ ಹಾಕಿಕೊಂಡು ಪ್ರತಿ ಪಂದ್ಯಕ್ಕೂ ಬಂದು, ಅದೇ ಜಾಗದಲ್ಲಿ ಕೂತು ರೆಫರಿಯ ಜನ್ಮ ಜಾಲಾಡುತ್ತಿದ್ದ ಮನುಷ್ಯ. ಆಮೇಲೆ ಮೈದಾನದ ಕಡೆ ತಲೆ ಹಾಕಲಿಲ್ಲ. ನಾನೇನು ಕಡಿಮೆಯೇ? ಜಿಂಕೆಯ ಮೂರನೇ ನಂಬರಿನ ಜೆರ್ಸಿಯನ್ನು ಹರಿದು ಬೂಟು ಒರೆಸುವ ಬಟ್ಟೆ ಮಾಡಿಕೊಂಡೆ. ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಭಾವ ಇನ್ನೂ ಐದು ವರ್ಷ ಆಡಿದರು. ಎಡ ಮಂಡಿ ಪೂರ್ತಿ ಕೈಕೊಟ್ಟ ಮೇಲೆ ಬೂಟು ಬಿಚ್ಚಿಟ್ಟು ಸಣ್ಣಪುಟ್ಟ ತಂಡಗಳಿಗೆ ಕಲಿಸಿದರು. ಈ ವರ್ಷ ನಮ್ಮ ಕ್ಲಬ್ಬೇ ಕರೆದು ಕೋಚ್ ಮಾಡಿತು. ಕಲಿಸುವುದರಲ್ಲಿ ಭಾವನಿಗೆ ಅವಸರವಿಲ್ಲ. ಬೈಗುಳ ಕಡಿಮೆ, ಒಂದೇ ಹೆಜ್ಜೆಯನ್ನು ನೂರು ಸಲ ಮಾಡಿಸುತ್ತಾರೆ.

ಹಿಂದಿನ ನಾಲ್ವರು ಒಟ್ಟಿಗೆ ಚಲಿಸುವುದನ್ನು ಕಲಿಸಲು ಒಂದು ಬೆಳಿಗ್ಗೆ ನನ್ನ ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿಕೊಂಡು ಹೋದರು. ಹನ್ನೊಂದು ಒದ್ದೆ ಜೆರ್ಸಿ ಹಿಡಿದು ನಾನು ಪೆದ್ದನ ಹಾಗೆ ನಿಂತೆ. ಹಗ್ಗವನ್ನು ನಾಲ್ವರ ಸೊಂಟಕ್ಕೂ ಕಟ್ಟುತ್ತಾರೆ. ಒಬ್ಬ ತಡಮಾಡಿದರೂ ಪಕ್ಕದವನ ಸೊಂಟ ಎಳೆಯುತ್ತದೆ, ಯಾರನ್ನೂ ಕೇಳಬೇಕಾಗಿಲ್ಲ. ತೋರಿಸಿಕೊಡಲೆಂದು ಭಾವ ತಮ್ಮ ಹಳೆಯ ಜಾಗದಲ್ಲಿ ತಾವೇ ಕಟ್ಟಿಸಿಕೊಂಡರು. "ಮೇಲೆ!" ಎಂದು ಕೂಗಿ ಬಲಗೈ ಎತ್ತಿದರು. ಹಗ್ಗ ಬಿಗಿಯಿತು. ಮೂವರೂ ಮುಂದಿದ್ದರು, ಭಾವ ಹಿಂದೆ.

"ಸಾರ್, ನೀವೇ ಹಿಂದೆ ಉಳಿದ್ರಿ" ಎಂದು ಆಟಗಾರರು ನಕ್ಕರು. ಭಾವನೂ ನಕ್ಕು ಮತ್ತೆ ಕೂಗಿದರು. ಮತ್ತೆ ಹಾಗೇ ಆಯಿತು. ಕೂಗುವಾಗ, ಕೈ ಎತ್ತುವಾಗ, ಅವರ ಕಾಲು ನಿಂತೇ ಇರುತ್ತಿತ್ತು. ಮೂರನೇ ಸಲಕ್ಕೆ ಭಾವ ನಗಲಿಲ್ಲ. ಹಗ್ಗ ಬಿಚ್ಚಿ ನನ್ನ ಕೈಗೆ ಕೊಟ್ಟು, "ಆ ಕೊನೇ ಆಟದ ವಿಡಿಯೋ ಡಿಸ್ಕು ಇದೆಯೇನೋ?" ಎಂದರು.

ಇತ್ತು. ಸೋತ ಆಟವನ್ನು ಮತ್ತೆ ಹಾಕಿ ನೋಡುವ ಪದ್ಧತಿ ನಮ್ಮಲ್ಲಿ ಇರಲಿಲ್ಲ, ಅದಕ್ಕೇ ಕಪಾಟಿನಲ್ಲಿ ಹಾಗೇ ಬಿದ್ದಿತ್ತು. ಮಧ್ಯಾಹ್ನ ಒದ್ದೆ ಸಾಕ್ಸುಗಳ ವಾಸನೆಯ ನಡುವೆ ಹಳೆಯ ಕಂಪ್ಯೂಟರಿನಲ್ಲಿ ಹಾಕಿದೆ. ಚೆಂಡು ಕಾಲು ಬಿಟ್ಟ ಕ್ಷಣಕ್ಕೆ ಭಾವ "ನಿಲ್ಸು" ಎಂದರು. ಜಿಂಕೆ ಮುಂದೆ ಬಂದಿದ್ದ, ಎಲ್ಲರಿಗಿಂತ ಮುಂದೆ. ಹಿಂದೆ ಉಳಿದಿದ್ದವರು ಒಬ್ಬರೇ, ಬಲಗೈ ಎತ್ತಿಕೊಂಡು. ಭಾವ ಅದನ್ನು ನಾಲ್ಕು ಸಲ ನೋಡಿದರು.

"ಹೋಗ್ಲಿ ಬಿಡಿ ಭಾವ, ಹದಿಮೂರು ವರ್ಷ ಆಯ್ತು. ಈಗ ಕೆದಕಿದ್ರೆ ನಿಮ್ಮ ಹೆಸರೇ ಕೆಡೋದು. ನಿಮ್ಮ ಹುಡುಗರು ನಾಳೆ ನಿಮ್ಮ ಮಾತು ಕೇಳ್ತಾರಾ?" ಎಂದೆ.

ಸಂಜೆ ಮನೆಯಲ್ಲಿ ಅಕ್ಕನ ಎದುರು ಎಲ್ಲವನ್ನೂ ಹೇಳಿ, "ಒಂದು ಫೋನ್ ಮಾಡಿ ಹೇಳ್ಬಿಡ್ಲಾ?" ಎಂದರು.

"ಅವತ್ತು ಫೋನಲ್ಲಿ ಬೈದ್ರಾ?" ಎಂದಳು ಅಕ್ಕ, ತಟ್ಟೆ ಒರೆಸುತ್ತಲೇ.

ಮಾರನೇ ದಿನ ಜಿಂಕೆಯ ಅಂಗಡಿಗೆ ಹೊರಟೆವು. ನಾನೇಕೆ ಹೋದೆನೆಂದರೆ, ಒಂದು ಜೆರ್ಸಿಯ ಲೆಕ್ಕ ನನ್ನ ಮೇಲೂ ಇತ್ತು. ಇಕ್ಕಟ್ಟಾದ ರಸ್ತೆ, ಎದುರಿಗೆ ಟೈಲರ್ ಅಂಗಡಿ, ಪಕ್ಕದಲ್ಲಿ ಟೀ ಅಂಗಡಿ. ಜಿಂಕೆ ಸುಟ್ಟ ಮೋಟಾರೊಂದಕ್ಕೆ ತಾಮ್ರದ ತಂತಿ ಸುತ್ತುತ್ತಿದ್ದ. ಕೂದಲು ತೆಳ್ಳಗಾಗಿತ್ತು, ಹೊಟ್ಟೆ ಬಂದಿತ್ತು. ಭಾವ ಅಭ್ಯಾಸದಂತೆ ಬಾಗಿಲಿಗೆ ಅಡ್ಡ ನಿಂತರು.

"ಅವತ್ತು ಹಿಂದೆ ಉಳಿದವನು ನೀನಲ್ಲ, ನಾನು. ನಿನ್ನೆ ನೋಡಿದೆ. ತಪ್ಪಾಯ್ತು ಕಣೋ."

ಜಿಂಕೆ ಸುತ್ತುವುದನ್ನು ನಿಲ್ಲಿಸಲಿಲ್ಲ. ಸುತ್ತು ತಪ್ಪಿದರೆ ಮೊದಲಿಂದ ಎಣಿಸಬೇಕು. ಕೊನೆಯ ಸುತ್ತು ಮುಗಿಸಿ ತಂತಿ ಕತ್ತರಿಸಿದ ಮೇಲೆ ತಲೆ ಎತ್ತಿದ.

"ನಂಗೆ ಅವತ್ತೇ ಗೊತ್ತಿತ್ತು ಕ್ಯಾಪ್ಟನ್. ತಿರುಗಿ ನೋಡಿದ್ದೆ."

"ಮತ್ತೆ ಹೇಳ್ಬಾರದಿತ್ತಾ?"

"ಚಿಲಕದ ಮಾತು ಬಿಟ್ಟು ನನ್ನ ಮಾತು ಯಾರು ಕೇಳ್ತಿದ್ರು?" ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. "ಗೊತ್ತಿರೋನಿಗೆ ಹೇಳಿ ಏನು ಪ್ರಯೋಜನ? ಒಳಗೆ ನಮ್ಮಪ್ಪ ಇದಾರೆ. ಅವರಿಗೆ ಹೇಳಿ. ಕಿವಿ ಮಂದ, ಜೋರಾಗಿ ಹೇಳ್ಬೇಕು."

ಒಳಗೆ ಬೆಂಚಿನ ಮೇಲೆ ಮುದುಕರು ಹಳೆಯ ಸ್ಕ್ರೂಗಳನ್ನು ಆರಿಸುತ್ತಾ ಕೂತಿದ್ದರು. ಭಾವ ಬಗ್ಗಿ ಹೇಳಿದರು. ಮುದುಕರು ಮಗನ ಮುಖ ನೋಡಿದರು. ಭಾವ ದನಿ ಏರಿಸಿದರು. "ಏನಂತೆ ಇವರದ್ದು?" ಎಂದರು ಮುದುಕರು. ಆಗ ಭಾವ ನೆಟ್ಟಗೆ ನಿಂತು, ಮೈದಾನದ ಆ ಹಳೆಯ ಗಂಟಲು ತೆಗೆದರು.

"ಅವತ್ತು ಹಿಂದೆ ಉಳಿದವನು ನಾನು! ನಿಮ್ಮ ಮಗ ಮುಂದೆ ಬಂದಿದ್ದ! ತಪ್ಪು ನಂದು!"

ಎದುರಿನ ಟೈಲರ್ ಮಿಷನ್ ನಿಲ್ಲಿಸಿದ. ಟೀ ಕುಡಿಯುತ್ತಿದ್ದವರು ಲೋಟ ಹಿಡಿದುಕೊಂಡೇ ಬಂದು ಇಣುಕಿದರು. ಭಾವನ ಕಿವಿ ಕೆಂಪಾಗಿತ್ತು, ಆದರೂ ಅಲುಗಲಿಲ್ಲ.

ಮುದುಕರು ಕೈಯಲ್ಲಿದ್ದ ಸ್ಕ್ರೂ ಡಬ್ಬಿಗೆ ಹಾಕಿದರು. ಭಾವನತ್ತ ನೋಡಲಿಲ್ಲ.

"ಮತ್ತೆ ನನಗ್ಯಾಕೋ ಹೇಳ್ಲಿಲ್ಲ ನೀನು?" ಎಂದರು ಮಗನಿಗೆ.

"ನೀವು ಕೇಳ್ಲೇ ಇಲ್ವಲ್ಲ ಅಪ್ಪ. ಅವತ್ತು ಬಂದೋರು ಟೋಪಿ ಗೂಟಕ್ಕೆ ಹಾಕಿ ಮಲಗಿಬಿಟ್ರಿ."

ಅವನು ಅದನ್ನು ಮೆಲ್ಲಗೇ ಹೇಳಿದ. ಮುದುಕರಿಗೆ ಕೇಳಿಸಿತು. ತುಂಬಾ ಹೊತ್ತು ಡಬ್ಬಿಯ ಮುಚ್ಚಳ ಹಾಕುವುದು, ತೆಗೆಯುವುದು ಮಾಡಿದರು. ಕಣ್ಣು ಒರೆಸಿಕೊಂಡು ಕೊನೆಗೆ ನನ್ನನ್ನು ಕೇಳಿದರು, "ಶನಿವಾರ ಆಟ ಇದೆಯೇನಪ್ಪ?"

"ಇದೆ, ನಾಲ್ಕು ಗಂಟೆಗೆ" ಎಂದು ನಾಲ್ಕು ಬೆರಳು ತೋರಿಸಿದೆ.

ಮುದುಕರು ಮಗನ ಕಡೆ ತಿರುಗಿದರು. "ಮೂರಕ್ಕೇ ಅಂಗಡಿ ಮುಚ್ಚು. ಇಬ್ಬರೂ ಹೋಗೋಣ."