ರ‍್ಯಾಪ್ ಸುಲಭ ಅಂತ ನಾನು ಹೇಳಲಿಲ್ಲ

ರ‍್ಯಾಪ್ ಅಂದ್ರೆ ಬಾಯಿಗೆ ಬಂದಿದ್ದು ಬಡಬಡಿಸೋದು ಅಂತ ಈಗಲೂ ಯಾರಾದರೂ ಅಂದರೆ ನನಗೆ ಮೈ ಉರಿಯುತ್ತೆ. ನಾನು ಮೂರನೇ ಕ್ಲಾಸಿಂದ ಶಾಸ್ತ್ರೀಯ ಸಂಗೀತ ಕಲಿತವಳು. ಸರಳೆ, ಜಂಟಿ, ವರ್ಣ, ಕೀರ್ತನೆ ಎಲ್ಲ ದಾಟಿ ಬಂದವಳು. ಮಾತಾಡೋ ಹಕ್ಕು ನನಗಿದೆ, ಮಾತಾಡ್ತೀನಿ.

ಎರಡು ಸಾವಿರ ಇಸವಿ ಆದ ಮೇಲಿನ ಮಾತು ಇದು. ನಮ್ಮದು ಜಂಗಮಕೋಟೆ ಹತ್ತಿರದ ಹಳ್ಳಿ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕೋ ಮನೆ, ಹಸು. ಪಿಯುಸಿ ಓದೋಕೆ ಬಸ್ಸಲ್ಲಿ ಶಿಡ್ಲಘಟ್ಟಕ್ಕೆ ಹೋಗ್ತಿದ್ದೆ. ಸಂಜೆ ಕಾಲೇಜು ಬಿಟ್ಟ ಮೇಲೆ ಅಲ್ಲೇ, ಚಿಕ್ಕಂದಿನಿಂದ ನನಗೆ ಕಲಿಸಿದ ಸಂಗೀತದ ಮೇಷ್ಟ್ರ ಮನೆಯಲ್ಲಿ ಪಾಠ. ಆ ವರ್ಷ ರಾಮನವಮಿಗೆ ನನ್ನ ಮೊದಲ ಕಛೇರಿ ಅಂತ ಮೇಷ್ಟ್ರೇ ಗೊತ್ತು ಮಾಡಿದ್ದರು. ಪಿಟೀಲು, ಮೃದಂಗ ಸಮೇತ ಪೂರ್ತಿ ಕಛೇರಿ. ಅಮ್ಮ ಆಗಲೇ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಅದಕ್ಕೆ ಮುಂಚೆ ಕಾಲೇಜ್ ಡೇ ಬಂತು. ನನ್ನ ಕ್ಲಾಸಿನವಳೊಬ್ಬಳು ರ‍್ಯಾಪ್ ಹೇಳ್ತಿದ್ದಳು. ಅವಳ ಮನೆಯವರದು ರೇಷ್ಮೆ ನೂಲು ಬಿಚ್ಚೋ ಕೆಲಸ. ಮನೆಯಲ್ಲಿ ಉರ್ದು, ಬೀದಿಯಲ್ಲಿ ತೆಲುಗು, ಕಾಲೇಜಲ್ಲಿ ಕನ್ನಡ. ಮೂರನ್ನೂ ಬೆರೆಸಿ ನಮ್ಮ ಬಸ್ಸಿನ ಮೇಲೆ, ಕ್ಯಾಂಟೀನಿನ ಬೋಂಡದ ಮೇಲೆ ಅವಳೇ ಸಾಲು ಕಟ್ಟಿದ್ದಳು. ಜೊತೆಗೊಬ್ಬಳು ಬೇಕಿತ್ತು. ಇದೇನು ಮಹಾ, ನಾನು ಬರ್ತೀನಿ ಅಂದೆ.

ಮೊದಲ ದಿನದ ಪ್ರಾಕ್ಟೀಸಲ್ಲೇ ಮಾನ ಹೋಯ್ತು. ಸಿ.ಡಿ.ಯಲ್ಲಿ ಬೀಟ್ ಶುರುವಾಯ್ತು, ನಾನು ಸಾಲು ಹೇಳಿದೆ, ಕೊನೆಯ ಅಕ್ಷರ ನನಗೇ ಗೊತ್ತಿಲ್ಲದೆ ಎಳೆದುಕೊಂಡು ಹೋಗಿ ಕಲ್ಯಾಣಿ ರಾಗದಲ್ಲಿ ಕೂತಿತು. ಅವಳು ಬೆಂಚಿನ ಮೇಲೆ ಬಿದ್ದು ನಕ್ಕಳು.

"ಏನೇ ಇದು, ಬೋಂಡಕ್ಕೆ ಲಾಲಿ ಹಾಡ್ತಿದೀಯಾ? ಎಳೀಬೇಡ ಕಣೇ, ಕುಟ್ಟು."

ಕುಟ್ಟೋಕೆ ನನಗೆ ಬರ್ತಿರಲಿಲ್ಲ. ಸಂಗೀತದಲ್ಲಿ ನಾನು ಆಕಾರ, ಈಕಾರದ ಮೇಲೆ ಬದುಕಿದವಳು. 'ಕ' ಅನ್ನೋದು ಬಾಗಿಲು ಅಷ್ಟೇ, ಒಳಗೆ ಕಾಲಿಟ್ಟ ಮೇಲೆ ಇರೋದೆಲ್ಲ ಆಕಾರ. ರ‍್ಯಾಪಲ್ಲಿ ಉಲ್ಟಾ. ಕ, ಟ, ಪ ಇವೇ ತಾಳದ ಮೇಲೆ ಬೀಳಬೇಕು, ಒಂದು ನುಂಗಿದರೂ ಸಾಲು ಕೆಟ್ಟಿತು. ಉಸಿರಿನ ಪಾಡಂತೂ ಕೇಳಲೇಬೇಡಿ. ಕಛೇರಿಯಲ್ಲಿ ಹಾಡೋರು ಉಸಿರು ತಗೊಂಡರೆ ಶ್ರುತಿ ಇದೆ, ಪಿಟೀಲು ಇದೆ, ತುಂಬಿಕೊಡ್ತವೆ. ಸಿ.ಡಿ.ಯ ಬೀಟ್ ನಮ್ಮಪ್ಪನ ಮನೆ ಆಳಲ್ಲ, ನನಗಾಗಿ ಕಾಯೋದಿಲ್ಲ. ಹಾಗಂತ, ಷಡ್ಜ ಹಿಡಿದು ಅಲುಗದೆ ನಿಲ್ಲು ಅಂದರೆ ಅವಳಿಗೆ ಆಗ್ತಿರಲಿಲ್ಲ. ಅದು ಬೇರೆ ಕಷ್ಟ, ಇದು ಬೇರೆ ಕಷ್ಟ. ವಾರಗಟ್ಟಲೆ ಹೆಣಗಾಡಿ ಕಲಿತೆ. ಕಾಲೇಜ್ ಡೇ ದಿನ ಚೆನ್ನಾಗೇ ಹೇಳಿದೆವು.

ಸುದ್ದಿ ಮೇಷ್ಟ್ರಿಗೆ ಮುಟ್ಟಿತು. ಮಾರನೇ ದಿನ ಪಾಠಕ್ಕೆ ಬಂದ ಎಲ್ಲರ ಮುಂದೆ ನನ್ನನ್ನು ನಿಲ್ಲಿಸಿದರು.

"ಅದೊಂದು ವಿದ್ಯೆ ಅಲ್ಲ, ಯಾರು ಬೇಕಾದರೂ ಮಾಡಬಹುದು ಅಂತ ಇವರಿಗೆ ಹೇಳಮ್ಮ. ಆಮೇಲೆ ಕಛೇರಿಗೆ ಕೂತ್ಕೋ."

"ನಿಮ್ಮನ್ನ ಕೇಳ್ದೆ ಹೋಗಿದ್ದು ತಪ್ಪಾಯ್ತು ಅಂತ ಬೇಕಾದ್ರೆ ಹೇಳ್ತೀನಿ ಸಾರ್. ಯಾರು ಬೇಕಾದ್ರೂ ಮಾಡ್ಬೋದು ಅಂತ ಮಾತ್ರ ಹೇಳಲ್ಲ."

"ನನಗೇ ಎದುರು ಮಾತಾಡ್ತೀಯಾ?"

"ಎದುರು ಮಾತಲ್ಲ ಸಾರ್. ಇಷ್ಟು ವರ್ಷ ನಿಮ್ಮ ಹತ್ರ ಕಲಿತೋಳಿಗೇ ಅದು ಬರ್ಲಿಲ್ಲ. ಸುಲಭ ಹೇಗಾಗುತ್ತೆ?"

ಅವರು ಶ್ರುತಿ ಪೆಟ್ಟಿಗೆ ಆಫ್ ಮಾಡಿ ಒಳಗೆ ಹೋದರು. ಕಛೇರಿ ಇನ್ನೊಬ್ಬಳ ಪಾಲಾಯಿತು. ಬಸ್ಸಲ್ಲಿ ಊರು ಬರೋವರೆಗೂ ಅತ್ತೆ, ಸುಳ್ಳು ಯಾಕೆ ಹೇಳಲಿ. ಆದರೆ ವಾಪಸ್ ಹೋಗಿ ಹೇಳಿಬಿಡೋಣ ಅಂತ ಒಂದು ಸಲವೂ ಅನ್ನಿಸಲಿಲ್ಲ.

ಅಮ್ಮನಿಗೆ ಅನ್ನಿಸಿತು. "ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು? ಊರಿಗೆಲ್ಲ ಹೇಳಿದೀನಲ್ಲೇ, ಯಾವ ಮುಖ ಇಟ್ಕೊಂಡು ತಿರುಗ್ಲಿ? ಈಗ್ಲೂ ಹೋಗಿ ಹೇಳ್ಬಾರದಾ?" ದಿನಾ ಇದೇ.

ರಾಮನವಮಿ ಸಂಜೆ ಬಂತು. ಹುಳು ದೊಡ್ಡವಾಗಿದ್ದವು, ಸೊಪ್ಪು ಹಾಕೋದು ತಪ್ಪಿಸೋ ಹಾಗಿರಲಿಲ್ಲ. ಹುಳು ಮನೆಯೊಳಗೆ ಹೊರಗಿನವರನ್ನ ಬಿಡೋದಿಲ್ಲ, ರೋಗ ತಗುಲುತ್ತೆ ಅಂತ. ಅಮ್ಮ, ನಾನು ಇಬ್ಬರೇ. ಶಿಡ್ಲಘಟ್ಟದಲ್ಲಿ ಕಛೇರಿ ಶುರುವಾಗೋ ಹೊತ್ತಿಗೆ ನಾನು ಇಲ್ಲಿ ಶುರು ಮಾಡಿದೆ. ಹುಳದ ತಟ್ಟೆಗಳ ನಡುವೆ ನಿಂತು, ವರ್ಣದಿಂದ ಮಂಗಳದವರೆಗೆ ಒಂದೂ ಬಿಡದೆ, ಪೂರ್ತಿ ಗಂಟಲು ಬಿಟ್ಟು ಹಾಡಿದೆ. ಅವರು ಕೂರಿಸದಿದ್ದರೇನು, ನನ್ನ ಕಛೇರಿ ನಾನು ಮಾಡಿಕೊಂಡೆ. ಅಮ್ಮ ಸೊಪ್ಪು ಹರಡ್ತಾ ಸೆರಗಲ್ಲಿ ಮೂಗು ಒರೆಸಿಕೊಂಡಳು.

"ಅದನ್ನೂ ಹೇಳು, ಇಷ್ಟಕ್ಕೆಲ್ಲ ಕಾರಣ ಆಯ್ತಲ್ಲ, ಅದು" ಅಂದಳು.

ಹೇಳಿದೆ. ಮೊದಲು ಅಮ್ಮ ನಕ್ಕಳು. ಆಮೇಲೆ ಅವಳ ಕೈ ನಿಂತಿತು. ನಾನು ಮುಗಿಸಿ ಏದುಸಿರು ಬಿಡ್ತಿದ್ದಾಗ, ತಡಿ, ನಾನೂ ನೋಡ್ತೀನಿ ಅಂತ ಮೊದಲ ಸಾಲು ಹೇಳೋಕೆ ಹೋಗಿ ನಾಲಿಗೆ ತೊಡರಿಸಿಕೊಂಡಳು. ಮತ್ತೆ ಹೇಳಿದಳು, ಮತ್ತೆ ತೊಡರಿತು.

"ಇದನ್ನ ಯಾರು ಬೇಕಾದ್ರೂ ಮಾಡ್ಬೋದು ಅಂತ ಹೇಳು ಅಂದ್ರಾ ಅವ್ರು?"

"ಹೂಂ."

ಅಮ್ಮ ಸೊಪ್ಪಿನ ಕುಕ್ಕೆ ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು.

"ಹೇಳ್ಬೇಡ ಬಿಡು."