ಕಿಟಕಿ ಬಿಟ್ಟುಕೊಟ್ಟವನು

ಅವ್ವ ಕಾಶಿಗೆ ಹೋಗಿಬಂದ ಕಥೆಯನ್ನು ನಮ್ಮ ಮನೆಯಲ್ಲಿ ಈಗ ಯಾರೂ ಎತ್ತುವುದಿಲ್ಲ. ಒಂದು ಕಾಲಕ್ಕೆ ಅದನ್ನೇ ಹೇಳಿ ಹೇಳಿ ಅವಳು ನಮ್ಮ ತಲೆ ತಿಂದಿದ್ದಳು.

ಕೊರೊನಾ ಮುಗಿದೇಹೋಯಿತೆಂದು ಊರೆಲ್ಲ ಮಾಸ್ಕು ಬಿಚ್ಚಿ ಗೂಟಕ್ಕೆ ಹಾಕಿದ್ದ ದಿನಗಳವು. ನಮ್ಮೂರು ಹುಬ್ಬಳ್ಳಿ ಕಡೆ, ಸಂಶಿಯ ಹತ್ತಿರ. ರೈಲಿನಲ್ಲಿ ಅವಳ ಸೊಂಟ ತಡೆಯುವುದಿಲ್ಲವೆಂದು ವಿಮಾನದಲ್ಲಿ ಕರೆದುಕೊಂಡು ಹೋಗಿದ್ದೆ. ಮರಳುವಾಗ ಕಿಟಕಿಯ ಬಳಿ ಕೂತಿದ್ದವನೊಬ್ಬ ಬಿಡದೆ ಕೆಮ್ಮುತ್ತಿದ್ದ. ಅವನ ಮಾಸ್ಕು ಗದ್ದಕ್ಕಿಳಿದಿತ್ತು. ಅವ್ವ ಮೋಡ ನೋಡಲು ಕತ್ತು ಚಾಚುತ್ತಿದ್ದುದನ್ನು ಕಂಡು ನಕ್ಕ, ಎದ್ದು ತನ್ನ ಜಾಗ ಅವಳಿಗೆ ಕೊಟ್ಟ. ಅವನ ಮಾತು ಅವಳಿಗೆ ತಿಳಿಯದು, ಅವಳದು ಅವನಿಗೆ. ಅವನ ಬೆನ್ನು ತಿಕ್ಕಿ, ಚೀಲದಿಂದ ಒಣಶುಂಠಿ ತೆಗೆದುಕೊಟ್ಟಳು. ಬೆಳಿಗ್ಗೆ ಗಂಗೆಯಲ್ಲಿ ಮಿಂದವಳು ದೀಪ ಹಚ್ಚುವ ಹೊತ್ತಿಗೆ ನಮ್ಮ ಕಟ್ಟೆಯ ಮೇಲಿದ್ದಳು.

ಕಾಶಿಯಿಂದ ಬಂದವರ ಕಾಲಿಗೆ ಬಿದ್ದು, ಅವರ ಕೈಯಿಂದಲೇ ಬಾಯಿಗೆ ಪ್ರಸಾದ ಹಾಕಿಸಿಕೊಳ್ಳುವುದು ನಮ್ಮಲ್ಲಿ ರೂಢಿ. ಬಂದ ಜನ ತೀರಲು ಎರಡು ಮೂರು ದಿನ ಹಿಡಿಯಿತು. ಪ್ರತಿ ಬಾಯಿಗೆ ಒಂದು ಹರಳು ಕಲ್ಲುಸಕ್ಕರೆ, ಜೊತೆಗೆ ಕಿಟಕಿಯವನ ಕಥೆ. ಕೆಮ್ಮು ಕಥೆಯಲ್ಲೇ ಇತ್ತು, ನಾವೆಲ್ಲ ನಕ್ಕೆವು.

ಬಾಜು ಮನೆಯಾಕೆಯನ್ನು ನಾವು ಚಿಕ್ಕಮ್ಮನಂತೆ ಕಾಕು ಅನ್ನುತ್ತಿದ್ದೆವು; ಅವಳಿಗೆ ಮೊಣಕಾಲು ಹೋಗಿ ವರ್ಷವಾಗಿತ್ತು. ಜೋಡಿಯಾಗಿ ರೊಟ್ಟಿ ಬಡಿಯುತ್ತ ಮುದುಕಿಯರಾದವರು ಅವರಿಬ್ಬರು. ಕೂತು ಮಾತಾಡಬೇಕೆಂದು ಅವಳ ಮನೆಗೆ ಅವ್ವ ಎಲ್ಲರಿಗಿಂತ ಕೊನೆಗೆ ಹೋದಳು.

"ಬಾಯಿ ತಗೀ ಬೇ," ಅಂದಳು.

ಕಾಕು ಕಣ್ಣು ಮುಚ್ಚಿ ಸಕ್ಕರೆ ಚೀಪಿದಳು. "ಕಾಶಿಗೆ ನಾನ ಹೋಗಿಬಂದಂಗಾತ ನೋಡವಾ."

ಮರುದಿನ ಅವ್ವನಿಗೆ ಜ್ವರ ಬಂತು, ಆಮೇಲೆ ಕಾಕುವಿಗೆ. ಅವ್ವ ಗುಣವಾಗಿ ಎದ್ದಳು. ಕಾಕುವನ್ನು ಹುಬ್ಬಳ್ಳಿಗೆ ಒಯ್ದರು. ಅವಳ ಮುಖವನ್ನು ಮತ್ತೆ ಯಾರಿಗೂ ತೋರಿಸಲಿಲ್ಲ.

ನನಗೆ ಆ ವಿಮಾನದ ಮೇಲೆ ಇಂದಿಗೂ ಸಿಟ್ಟು. ರೈಲಿನಲ್ಲಿ ಬಂದಿದ್ದರೆ ಆ ಕೆಮ್ಮು ತಗಲುತ್ತಲೇ ಇರಲಿಲ್ಲ; ಬೇರೆಲ್ಲಿಂದಲೋ ತಗಲಿದ್ದರೂ ಜ್ವರ ದಾರಿಯಲ್ಲೋ ಹೊಸ್ತಿಲಲ್ಲೋ ಕಾಣಿಸಿಕೊಂಡು, ಅವಳನ್ನು ಹಾಸಿಗೆಗೆ ಕೆಡವುತ್ತಿತ್ತು. ವಿಮಾನ ಅವಳನ್ನು ಗಟ್ಟಿಮುಟ್ಟಾಗಿ, ನಗುನಗುತ್ತ ತಂದು ಇಳಿಸಿತು.

"ರೋಗ ಸಂತಿಯಿಂದ ಬಂದಿರಬಹುದು, ಬಸ್ಸಿನಿಂದ ಬಂದಿರಬಹುದು," ಎಂದು ಎಷ್ಟೋ ಸಲ ಹೇಳಿದೆ.

"ಆಕಿ ಹೊಸ್ತಲಾ ದಾಟಿದ್ದಿಲ್ಲ," ಅಂದಳು ಅವ್ವ. "ಆ ಮನ್ಯಾಗ ಮೊದ್ಲ ಕೆಮ್ಮಿದಾಕಿ ಆಕೀನ."

ಒಮ್ಮೊಮ್ಮೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ ಕೇಳುತ್ತಾಳೆ: "ಕಿಟಕಿ ಕೊಟ್ಟಾಂವ ಉಳದಿರಬಹುದೇನೋ?" ಅವನ ಹೆಸರೂ ನಮಗೆ ಗೊತ್ತಿಲ್ಲ. ಅವನ ನಗು ಮಾತ್ರ ನನ್ನ ಕಣ್ಣೆದುರಿಗಿದೆ; ಸಕ್ಕರೆ ಹಂಚುವಾಗ ಅವ್ವನ ಮುಖದಲ್ಲಿದ್ದುದೂ ಅದೇ ನಗು ಎಂದು ನನಗೆ ಹೆದರಿಕೆ.

ಹೋದ ವರ್ಷ ಕಾಕುವಿನ ಸೊಸೆ ಹಡೆದಳು. ಮಗುವಿಗೆ ಹೆಸರಿಡುವ ದಿನ, ಕೂಸನ್ನೆತ್ತಿಕೊಂಡು ಸಕ್ಕರೆ ಬಟ್ಟಲು ಹಿಡಿದು ನಮ್ಮ ಮನೆಗೇ ಬಂದಳು.

"ಅತ್ತಿ ಇದ್ದಿದ್ರ ಕೂಸಿನ ಬಾಯಿಗೆ ತಾವ ಸಕ್ರಿ ಹಚ್ಚತಿದ್ರು. ಈಗ ನೀವ ಹಚ್ರಿ."

"ತಡೀವಾ, ಕೈ ತೊಳಕೊಂಡ ಬರ್ತೀನಿ," ಎಂದು ಅವ್ವ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ನೀರು ಸುರಿಯುವ ಸದ್ದು ಕೇಳಿತು. ನಿಂತಿತು, ಮತ್ತೆ ಶುರುವಾಯಿತು. ತಾಯಿಯ ತೊಡೆಯ ಮೇಲೆ ಕೂಸು ನಿದ್ದೆಹೋಯಿತು. ನಾನು ಹೋಗಿ ಬಾಗಿಲು ತಟ್ಟಿದೆ.

"ಕೈಯಾಗಿಂದು ಇನ್ನೂ ಹೋಗವಲ್ದೋ ಯಪ್ಪಾ," ಅಂದಳು ಒಳಗಿನಿಂದ.