ಬಾಣಂತಿ ಕೋಣೆಯ ಗೋಡೆ

ನನ್ನ ನೆಗೆಣ್ಣಿಯ ಬೆರಳತುದಿಗಳು ಸದಾ ಕೆಂಪಗಿರುತ್ತಿದ್ದವು. ಮದರಂಗಿಯಲ್ಲ, ಮೆಣಸಿನಕಾಯಿಯ ಬಣ್ಣ. ನನ್ನ ಗಂಡನ ಅಣ್ಣನ ಹೆಂಡತಿ ಆಕೆ. ಬ್ಯಾಡಗಿಯಲ್ಲಿ ನಮ್ಮ ಮಾವನವರದು ಮೆಣಸಿನಕಾಯಿ ದಲಾಲಿ. ಸುಗ್ಗಿಯಲ್ಲಿ ಗೋದಾಮಿನೊಳಗೆ ತೊಟ್ಟು ಬಿಡಿಸುವ ಹೆಂಗಸರ ನಡುವೆ ಆಕೆಯೂ ಕೂತಿರುತ್ತಿದ್ದಳು. ಕಾಯಿಯೊಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಬೀಜದ ಸದ್ದು ಕೇಳಿ, ಒಣಗಿದೆಯೋ ಇಲ್ಲವೋ ಹೇಳುತ್ತಿದ್ದಳು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಆಕೆಯಲ್ಲಿ ಖಾರಕ್ಕೇನೂ ಕೊರತೆಯಿರಲಿಲ್ಲ. ಯಾರಾದರೂ ಮೆಲ್ಲಗೆ ಮಾತಾಡು ಎಂದರೆ, "ದೇವರು ಬಾಯಿ ಕೊಟ್ಟದ್ದು ಬರೇ ಉಣ್ಣಾಕೇನು?" ಎನ್ನುತ್ತಿದ್ದಳು. ಮನೆಯವರು ಆಕೆಗೆ ಬಾಯಿಬಡುಕಿ ಎಂದು ಹೆಸರಿಟ್ಟಿದ್ದರು. ಮೊದಮೊದಲು ನಾನೂ ಹೆದರಿ ದೂರ ಸರಿಯುತ್ತಿದ್ದೆ.

ಎಂಬತ್ತರ ದಶಕದ ನಡುವೆ ಮಾವನವರು ಹೊಸ ಮನೆ ಕಟ್ಟಿಸಿದರು. ಗೋಡೆಗೆ ಗಿಲಾವು ಮಾಡಿದ್ದು ಮಳೆಗಾಲ ಮುಗಿಯುವಾಗ. "ಇನ್ನೊಂದಿಷ್ಟು ದಿನ ಗ್ವಾಡಿ ಆರ್ಲಿರಿ" ಎಂದು ಗೌಂಡಿ ಹೇಳಿದ. ಮಾವನವರು ಕೇಳಲಿಲ್ಲ. ಸುಗ್ಗಿಗೆ ಬರುವ ವ್ಯಾಪಾರಿಗಳನ್ನು ಹೊಸ ಮನೆಯಲ್ಲೇ ಕೂರಿಸಬೇಕು ಎಂಬ ಹಟ ಅವರದು. ಕೈಯಿಟ್ಟರೆ ತಣ್ಣಗೆ ಅಂಟುವ ಗೋಡೆಗಳ ನಡುವೆ ಹಾಲುಕ್ಕಿಸಿ ಒಕ್ಕಲಾದೆವು. ನಾನು ದಿನ ತುಂಬಿದ ಬಸುರಿ. ತವರಿನಲ್ಲಿ ತಾಯಿ ಇಲ್ಲದ್ದರಿಂದ ಬಾಣಂತನವೂ ಅಲ್ಲೇ ಆಯಿತು.

ಬಾಣಂತಿಗೆ ಗಾಳಿ ತಾಗಬಾರದೆಂದು ಅತ್ತೆಯವರು ಕೋಣೆಯ ಕಿಟಕಿಗಳನ್ನು ಮುಚ್ಚಿಸಿ, ಸಂದಿಗಳಿಗೆ ಹಳೇ ಸೀರೆ ತುರುಕಿದರು. ಒಳಗೆ ಇದ್ದಿಲ ಒಲೆ, ಲೋಬಾನದ ಹೊಗೆ, ಹಗ್ಗದ ಮೇಲೆ ಆರದ ಬಟ್ಟೆಗಳು, ಪಕ್ಕದ ಬಚ್ಚಲಿನ ಬಿಸಿನೀರಿನ ಹಬೆ. ಗೋಡೆಯೊಳಗಿನ ನೀರಾದರೂ ಎಲ್ಲಿಗೆ ಹೋಗಬೇಕು? ಮಗಳನ್ನು ಮಲಗಿಸುತ್ತಿದ್ದ ಕಡೆ ಗೋಡೆಯ ಮೇಲೆ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕೆಗಳು ಕಾಣಿಸಿಕೊಂಡವು. ಆಮೇಲೆ ಅಂಗೈ ಅಗಲ, ತಟ್ಟೆ ಅಗಲ ಬೂಷ್ಟು. ಮಗಳ ಎದೆ ಗೊರಗೊರ ಎನ್ನತೊಡಗಿತು. ಉಸಿರೆಳೆಯುವಾಗ ಪುಟ್ಟ ಪಕ್ಕೆಗಳ ನಡುವೆ ಗುಳಿ ಬೀಳುತ್ತಿತ್ತು.

ಅತ್ತೆಯವರು ಗೋಡೆಯನ್ನು ನೋಡಿದರು, ನನ್ನನ್ನು ನೋಡಿದರು. "ಹೊಸಾ ಮನಿ ಇಷ್ಟ ಲಗೂ ಕರ್ರಗ ಆಗೇತಿ ಅಂದ್ರ ಕಾಲ್ಗುಣನ ಅನ್ಬೇಕು" ಎಂದರು. ನನ್ನ ಗಂಡ ಅಲ್ಲೇ ನಿಂತಿದ್ದರು, ತುಟಿ ಬಿಚ್ಚಲಿಲ್ಲ. ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಅತ್ತೆಯ ಮಾತಿಗಿಂತ ಗಂಡ ಸುಮ್ಮನೆ ನಿಂತದ್ದಕ್ಕೇ ಹೆಚ್ಚು.

ಹೆಸರಿಡುವ ಕಾರ್ಯ ಹತ್ತಿರ ಬಂದಾಗ ಮಾವನವರು ಬಣ್ಣದವನನ್ನು ಕರೆಸಿದರು. ಬೂಷ್ಟಿನ ಮೇಲೆಯೇ ಗಿಳಿಹಸಿರು ಎಣ್ಣೆಬಣ್ಣ ಬಳಿಸಿದರು. ಆ ಘಾಟು ಇಳಿಯುವ ಮೊದಲೇ ನನ್ನನ್ನೂ ಕೂಸನ್ನೂ ಒಳಗೆ ಹಾಕಿ ಬಾಗಿಲೆಳೆದರು. ಕೆಲವೇ ದಿನಕ್ಕೆ ಬಣ್ಣ ಬೊಬ್ಬೆಯೆದ್ದಿತು. ಅದು ಕಾಣದಂತೆ ಒಂದು ಕ್ಯಾಲೆಂಡರ್ ತೂಗುಹಾಕಿದರು. ಎಂಥ ಬುದ್ಧಿವಂತಿಕೆ!

ಕಾರ್ಯದ ದಿನ ಮನೆ ತುಂಬ ಮಂದಿ. ಮಾವನವರು ವ್ಯಾಪಾರಿಗಳನ್ನು ಕೋಣೆಯ ಬಾಗಿಲತನಕ ಕರೆತಂದು ಬಣ್ಣ ತೋರಿಸುತ್ತಿದ್ದರು. ಸುಗ್ಗಿ ಶುರುವಾದಾಗಿನಿಂದ ಗೋದಾಮಿನಲ್ಲೇ ಇರುತ್ತಿದ್ದ ನೆಗೆಣ್ಣಿ ಅವತ್ತು ತೊಟ್ಟಿಲಿಗೆ ಹಾಕಲೆಂದು ಕೂಸನ್ನು ಎತ್ತಿಕೊಂಡಳು. ಎತ್ತಿದವಳು ಹಾಗೇ ಅದರ ಎದೆಗೆ ಕಿವಿಯಿಟ್ಟಳು, ಗೋದಾಮಿನಲ್ಲಿ ಕಾಯಿ ಅಲ್ಲಾಡಿಸಿ ಕೇಳುವಾಗಿನ ಮುಖದಲ್ಲೇ. ಕೂಸನ್ನು ನನ್ನ ಮಡಿಲಿಗೆ ಕೊಟ್ಟು, ಕ್ಯಾಲೆಂಡರ್ ಕಿತ್ತು, ಬೊಬ್ಬೆಯೊಳಗೆ ಬೆರಳು ತೂರಿಸಿ ಎಳೆದಳು. ಬಣ್ಣ ಸಿಪ್ಪೆಯಂತೆ ಸುಲಿದು ಬಂತು. ಹಿಂದೆಲ್ಲ ಕಪ್ಪು, ಒದ್ದೆ.

"ಮಾವಾರ, ಇದ ಬೂಷ್ಟು ಒಂದ ಚೀಲ ಕಾಯಿಗೆ ಹಿಡಿದಿದ್ರ ಏನ ಮಾಡ್ತಿದ್ರಿ?"

"ಮಂದಿ ಮುಂದ ಬಾಯಿ ಮುಚ್ಚ" ಎಂದು ಮಾವನವರು ಹಲ್ಲು ಕಡಿದರು.

"ಮುಚ್ಚಂಗಿಲ್ಲ. ಚೀಲ ಬಿಚ್ಚಿ, ಅಂಗಳದಾಗ ಸುರುವಿ, ಗಾಳಿಗೆ ಬಿಸಲಿಗೆ ಹಾಕ್ತಿದ್ರಿ. ಬಾಜೂಕಿನ ಚೀಲಾನೂ ದೂರ ಸರಸ್ತಿದ್ರಿ. ಕಾಯಿಗಿರೂ ಕಿಮ್ಮತ್ತು ಈ ಕೂಸಿಗಿಲ್ಲೇನು?"

"ಬಾಣಂತಿಗೆ ಗಾಳಿ ಹೊಡದ್ರ ಸನ್ನಿ ಹಿಡಿತೈತಿ!" ಎಂದು ಅತ್ತೆ ಕೂಗಿದರು.

"ಆಕಿಗೆ ಕೌದಿ ಹೊಚ್ಚತೇನಿ. ಕೂಸಿಗೆ ಉಸಿರು ಎಲ್ಲಿಂದ ತರ್ಲಿ? ಕಾಲ್ಗುಣ ಅಂತ, ಕಾಲ್ಗುಣ! ಹಸೀ ಗ್ವಾಡಿ ಅದು!"

ವ್ಯಾಪಾರಿಯೊಬ್ಬರು ಆ ವಾಸನೆಗೆ ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಮಾವನವರಿಗೆ ನಾಟಿದ್ದು ಅದು, ನನ್ನ ಮಗಳ ಗೊರಗೊರ ಅಲ್ಲ. ವ್ಯಾಪಾರಿಗಳನ್ನು ಕರೆದುಕೊಂಡು ಹೊರನಡೆದರು. ನೆಗೆಣ್ಣಿ ಸಂದಿಯ ಸೀರೆಗಳನ್ನು ಕಿತ್ತೆಸೆದು ಕಿಟಕಿ ತೆರೆದಳು. ನಮ್ಮ ಹಾಸಿಗೆಯನ್ನು ಗಾಳಿಯಾಡುವ ಪಡಸಾಲೆಗೆ ಹಾಕಿದಳು. ಮೂಗಿಗೆ ಸೆರಗು ಕಟ್ಟಿಕೊಂಡು, ಕಳೆ ತೆಗೆಯುವ ಕುರ್ಚಿಗೆಯಿಂದ ತಾನೇ ಆ ಬಣ್ಣವನ್ನೆಲ್ಲ ಕೆರೆದಳು. ಬೇಸಿಗೆ ಮುಗಿಯುವತನಕ ಗೋಡೆಯನ್ನು ಬತ್ತಲೆ ಬಿಟ್ಟು, ಆಮೇಲೆ ಮತ್ತೆ ಬೂಷ್ಟು ಹಿಡಿಯದಂತೆ ಮೈಲುತುತ್ತ ಕಲಸಿದ ಸುಣ್ಣ ಹೊಡೆಸಿದಳು. ಗೋಡೆಗೊಂದು ತೆಳು ನೀಲಿ ಬಂತು. ಅಷ್ಟರೊಳಗೆ ಮಗಳು ಬಾಯಿ ಮುಚ್ಚಿಕೊಂಡು ನಿದ್ದೆ ಮಾಡುವುದನ್ನು ಕಲಿತಿದ್ದಳು.

ಮನೆಯವರು ಆಕೆಯನ್ನು ಕ್ಷಮಿಸಲಿಲ್ಲ. ಅತ್ತೆಯವರು ಊಟಕ್ಕೆ ಕರೆಯುವುದನ್ನೇ ಬಿಟ್ಟರು. ಆಕೆ ತಾನೇ ತಟ್ಟೆ ಹಾಕಿಕೊಂಡು ಕೂತು, "ರೊಟ್ಟಿ ಇತ್ತಾಗ ದೂಡ್ರಿ" ಎನ್ನುತ್ತಿದ್ದಳು.

ತೊಂಬತ್ತರ ದಶಕದ ಕೊನೆಗೆ ಆಕೆ ಕಾಮಾಲೆಯಿಂದ ತೀರಿಕೊಂಡಳು. ಅದೇ ಪಡಸಾಲೆಯಲ್ಲಿ ಮಲಗಿಸಿದ್ದರು. ಆ ಬೆರಳುಗಳನ್ನು ಎಷ್ಟು ತೊಳೆದಿದ್ದರೂ ಕೆಂಪು ಹೋಗಿರಲಿಲ್ಲ. ಮುದುಕರಾಗಿದ್ದ ಮಾವನವರು ಕುರ್ಚಿಯಿಂದಲೇ, "ಬಾಯೊಂದು ಕೆಟ್ಟದಿತ್ತು. ಇಲ್ಲಂದ್ರ ಬಂಗಾರದಂಥಾಕಿ" ಎಂದರು. ಕೂಡಿದವರೆಲ್ಲ ಹೌದೆಂದು ತಲೆಯಾಡಿಸಿದರು. ನನ್ನ ಗಂಡನೂ ಆಡಿಸಿದರು. ನನ್ನ ಪಕ್ಕದಲ್ಲಿ ಮಗಳು ಎದೆ ತುಂಬ ಉಸಿರೆಳೆದು ಗಟ್ಟಿಯಾಗಿ ಅಳುತ್ತಿದ್ದಳು.

"ಬಂಗಾರ ಇದ್ದದ್ದು ಆ ಬಾಯಾಗರಿ, ಮಾವಾರ" ಎಂದೆ. "ಆಕಿ ಅವತ್ತು ಸುಮ್ನಿದ್ದಿದ್ರ, ಇವತ್ತು ಇಲ್ಲಿ ಅಳಾಕ ನನ್ನ ಮಗಳು ಇರ್ತಿದ್ದಿಲ್ಲ."

ಗಂಡ ನನ್ನ ಮೊಣಕೈ ಹಿಡಿದು, "ಮಂದಿ ಮುಂದ ಬಾಯಿ ಮುಚ್ಚ" ಎಂದು ಪಿಸುಗುಟ್ಟಿದರು.

"ಮುಚ್ಚಂಗಿಲ್ಲ" ಎಂದೆ.